ಒಂದು ಕೊಳವೆ, ಒಂದು ಬಕೆಟ್ ನೀರು: ಶಬ್ದದ ವೇಗವನ್ನು ನೀವೇ ಅಳೆಯುವ ಬಗೆ

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುತ್ತದೆ ಎಂಬುದನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ. ಅದನ್ನು ತಾವೇ ಅಳೆದು ನೋಡಿದವರು ಕಡಿಮೆ. ಅದಕ್ಕೆ ಪ್ರಯೋಗಶಾಲೆಯ ಸಲಕರಣೆಗಳೇ ಬೇಕು ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಎರಡೂ ತುದಿ ತೆರೆದಿರುವ ಒಂದು ಪ್ಲಾಸ್ಟಿಕ್ ಕೊಳವೆ, ಒಂದು ಬಕೆಟ್ ನೀರು, ಒಂದು ಅಳತೆಪಟ್ಟಿ ಮತ್ತು ಒಂದು ಮೊಬೈಲ್ ಫೋನ್ ಇದ್ದರೆ ಅರ್ಧ ಗಂಟೆಯೊಳಗೆ ಶೇಕಡಾ ಒಂದರಷ್ಟೇ ವ್ಯತ್ಯಾಸವಿರುವ ಉತ್ತರವನ್ನು ಪಡೆಯಬಹುದು. ಇಲ್ಲಿ ಮೂರು ವಿಧಾನಗಳನ್ನು ವಿವರಿಸಿದ್ದೇನೆ. ಕೊಳವೆಯ ವಿಧಾನಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಕಣ್ಣಿಗೆ ಕಾಣದ ಅಲೆಯ ಉದ್ದವನ್ನು ಅಳತೆಪಟ್ಟಿಯ ಮೇಲೆ ತಂದು ನಿಲ್ಲಿಸುವುದು ಅದೊಂದೇ. ಮೊದಲ ಎರಡು ವಿಧಾನಗಳು ಹೊರನೋಟಕ್ಕೆ ಬೇರೆ ಬೇರೆಯಾಗಿದ್ದರೂ ಒಳಗಿನ ಉಪಾಯ ಒಂದೇ ಆಗಿದೆ: ನಮಗೆ ಸರಿಯಾಗಿ ತಿಳಿಯದ ಪ್ರಮಾಣವನ್ನು ಅಳೆಯಲು ಹೆಣಗುವುದಕ್ಕಿಂತ, ಅದು ಎರಡು ಅಳತೆಗಳಲ್ಲೂ ಸಮನಾಗಿ ಸೇರಿಕೊಳ್ಳುವಂತೆ ಮಾಡಿ, ಒಂದರಿಂದ ಇನ್ನೊಂದನ್ನು ಕಳೆದುಬಿಡುವುದು.

ಅಳೆಯುವ ಮೊದಲು: ಸಾಗುವುದು ಏನು?

ಧ್ವನಿವರ್ಧಕದ ಹಾಳೆಯು ಮುಂದಕ್ಕೆ ಚಲಿಸಿದಾಗ ಅದರ ಎದುರಿನ ಗಾಳಿಯು ತುಸು ಒತ್ತಿಕೊಳ್ಳುತ್ತದೆ. ಒತ್ತಿಕೊಂಡ ಈ ಪದರವು ತನ್ನ ಮುಂದಿನ ಪದರವನ್ನು ತಳ್ಳಿ ತಾನು ಹಿಂದಿನ ಸ್ಥಿತಿಗೆ ಮರಳುತ್ತದೆ, ಆ ಪದರವು ಅದರ ಮುಂದಿನದನ್ನು ತಳ್ಳುತ್ತದೆ. ಹಾಳೆಯು ಹಿಂದಕ್ಕೆ ಸರಿದಾಗ ಇದೇ ರೀತಿಯಲ್ಲಿ ಗಾಳಿಯು ತೆಳುವಾದ ಪ್ರದೇಶವೊಂದು ಮುಂದಕ್ಕೆ ಸಾಗುತ್ತದೆ. ಒತ್ತಿಕೊಂಡ ಭಾಗವನ್ನು ಸಂಪೀಡನವೆಂದೂ ತೆಳುವಾದ ಭಾಗವನ್ನು ವಿರಳನವೆಂದೂ ಕರೆಯುತ್ತಾರೆ. ಗಾಳಿಯ ಕಣಗಳು ಅಲೆ ಸಾಗುವ ದಿಕ್ಕಿನಲ್ಲಿಯೇ ಹಿಂದೆ ಮುಂದೆ ತೂಗುವುದರಿಂದ ಇದು ನೀಳ ತರಂಗ. ಪುಸ್ತಕಗಳಲ್ಲಿ ಶಬ್ದವನ್ನು ಏರಿಳಿಯುವ ಗೆರೆಯಾಗಿ ಬರೆಯುವುದು ಒತ್ತಡ ಎಲ್ಲಿ ಎಷ್ಟಿದೆ ಎಂಬುದನ್ನು ತೋರಿಸುವ ನಕ್ಷೆಯೇ ಹೊರತು ಗಾಳಿಯು ಹಾವಿನಂತೆ ಮೇಲೆ ಕೆಳಗೆ ಹೊರಳುತ್ತದೆ ಎಂದು ಅದರ ಅರ್ಥವಲ್ಲ. ಈ ಒಂದು ಚಿತ್ರ ಹುಟ್ಟಿಸಿದ ಗೊಂದಲ ಸಣ್ಣದಲ್ಲ.

ಈ ತೂಗಾಟ ಎಷ್ಟು ಚಿಕ್ಕದು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಎದುರು ಕುಳಿತವರ ಸಾಮಾನ್ಯ ಮಾತಿನ ಮಟ್ಟ ಸುಮಾರು 60 ಡೆಸಿಬೆಲ್. ಆ ಮಟ್ಟದಲ್ಲಿ ಒತ್ತಡದ ಏರಿಳಿತ ಸುಮಾರು 0.02 ಪಾಸ್ಕಲ್ ಆಗಿರುತ್ತದೆ. ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡವಾದರೋ ಒಂದು ಲಕ್ಷ ಪಾಸ್ಕಲ್‌ಗಿಂತ ತುಸು ಹೆಚ್ಚು. ಅಂದರೆ ಐವತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಬದಲಾವಣೆಯನ್ನು ನಮ್ಮ ಕಿವಿ ಮಾತು ಎಂದು ಗುರುತಿಸುತ್ತದೆ. ಅದೇ ಮಟ್ಟದಲ್ಲಿ 1000 ಹರ್ಟ್ಸ್ ಆವೃತ್ತಿಯ ನಾದವೊಂದು ಹಾದುಹೋಗುವಾಗ ಗಾಳಿಯ ಪದರವು ತನ್ನ ಜಾಗದಿಂದ ಅತ್ತಿತ್ತ ಸರಿಯುವುದು ಸುಮಾರು 8 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಗಾಳಿ ಇಷ್ಟು ಮಾತ್ರ ಅಲುಗಾಡಿದರೂ ಅದರ ಸುದ್ದಿ ಒಂದು ಸೆಕೆಂಡಿನಲ್ಲಿ 340 ಮೀಟರ್ ದಾಟಿ ಹೋಗುತ್ತದೆ. ನಾವು ಅಳೆಯಲು ಹೊರಟಿರುವುದು ಈ ಸುದ್ದಿಯ ವೇಗವನ್ನೇ ಹೊರತು ಗಾಳಿಯ ವೇಗವನ್ನಲ್ಲ.

ಲೆಕ್ಕಕ್ಕೆ ಬೇಕಾದ ಸೂತ್ರ ಒಂದೇ. ಒಂದು ಸಂಪೀಡನದಿಂದ ಮುಂದಿನ ಸಂಪೀಡನದವರೆಗಿನ ದೂರವನ್ನು ತರಂಗದೂರ ಎನ್ನುತ್ತಾರೆ. ಒಂದು ಸೆಕೆಂಡಿನಲ್ಲಿ ಹೊರಡುವ ಅಲೆಗಳ ಸಂಖ್ಯೆಯೇ ಆವೃತ್ತಿ. ಇವೆರಡನ್ನು ಗುಣಿಸಿದರೆ ವೇಗ ಸಿಗುತ್ತದೆ. ಆವೃತ್ತಿಯನ್ನು ನಾವು ಫೋನಿನಿಂದ ಪಡೆಯುತ್ತೇವೆ. ಫೋನಿನೊಳಗಿನ ಗಡಿಯಾರವು ಸ್ಫಟಿಕದ ಕಂಪನದಿಂದ ನಡೆಯುವುದರಿಂದ ಅದು ಹೊರಡಿಸುವ 1000 ಹರ್ಟ್ಸ್ ನಾದದ ಆವೃತ್ತಿಯನ್ನು ಕಣ್ಣುಮುಚ್ಚಿ ನಂಬಬಹುದು. ಈ ಕೆಲಸಕ್ಕೆ ಸಾಮಾನ್ಯ ಶ್ರುತಿಕವೆಗಿಂತ ಫೋನೇ ಅನುಕೂಲ. ಉಳಿದದ್ದು ತರಂಗದೂರ. ಅದನ್ನು ಅಳೆಯಲು ಕೊಳವೆ ಬೇಕು.

ಕೊಳವೆಯನ್ನು ನುಡಿಸುವುದು

ಒಳವ್ಯಾಸ ಸುಮಾರು 3 ಸೆಂಟಿಮೀಟರ್ ಮತ್ತು ಉದ್ದ 40 ಸೆಂಟಿಮೀಟರ್ ಇರುವ ಗಟ್ಟಿ ಪ್ಲಾಸ್ಟಿಕ್ ಕೊಳವೆಯನ್ನು ಆರಿಸಿಕೊಳ್ಳಿ. ಎರಡೂ ತುದಿಗಳನ್ನು ನೇರವಾಗಿ ಕತ್ತರಿಸಿ, ಅಂಚನ್ನು ಮರಳು ಕಾಗದದಿಂದ ಉಜ್ಜಿ ನಯಗೊಳಿಸಿ. ಮೇಲಿನ ಅಂಚನ್ನು ಸೊನ್ನೆ ಎಂದು ಇಟ್ಟುಕೊಂಡು, ಅಲ್ಲಿಂದ ಕೆಳಕ್ಕೆ ಪ್ರತಿ ಅರ್ಧ ಸೆಂಟಿಮೀಟರಿಗೆ ಒಂದರಂತೆ ನೀರಿಗೆ ಅಳಿಸದ ಶಾಯಿಯಲ್ಲಿ ಗೆರೆ ಎಳೆಯಿರಿ. ಬಕೆಟ್ ಕನಿಷ್ಠ 35 ಸೆಂಟಿಮೀಟರ್ ಆಳವಿರಲಿ ಮತ್ತು ನೀರು ಬಹುತೇಕ ಅಂಚಿನವರೆಗೆ ತುಂಬಿರಲಿ. ಬಕೆಟ್ ಆಳವಿಲ್ಲದಿದ್ದರೆ ಕೊಳವೆಯನ್ನು ಸಾಕಷ್ಟು ಮುಳುಗಿಸಲಾಗದೆ ಮೊದಲ ಬಿಂದುವೇ ಸಿಗದೆ ಹೋಗಬಹುದು. ಅರ್ಧ ಮೀಟರ್ ಆಳದ ಪಾತ್ರೆ ಇದ್ದರೆ ಇನ್ನೂ ಉದ್ದವಾದ ಕೊಳವೆಯನ್ನು ಬಳಸಬಹುದು, ಆಗ ಮೂರನೆಯ ಬಿಂದುವೂ ಸಿಗುತ್ತದೆ.

ಇಷ್ಟು ಸಿದ್ಧವಾದ ಮೇಲೆ, ನಾದವನ್ನು ಹೊರಡಿಸುವ ಯಾವುದಾದರೂ ಉಚಿತ ಆ್ಯಪ್‌ನಲ್ಲಿ 1000 ಹರ್ಟ್ಸ್ ಆವೃತ್ತಿಯನ್ನು ಆರಿಸಿ. ಅಲೆಯ ಆಕಾರವನ್ನು ಆಯ್ಕೆ ಮಾಡಲು ಅವಕಾಶವಿದ್ದರೆ ಸೈನ್ ಅಲೆಯನ್ನೇ ಆರಿಸಬೇಕು. ಚೌಕ ಅಥವಾ ಗರಗಸದ ಆಕಾರದ ಅಲೆಯಲ್ಲಿ 2000, 3000 ಹರ್ಟ್ಸ್‌ನಂತಹ ಮೇಲಿನ ಆವೃತ್ತಿಗಳೂ ಬೆರೆತಿರುವುದರಿಂದ ಕೊಳವೆಯು ಬೇಡದ ಕಡೆಯಲ್ಲೂ ದನಿಗೊಡುತ್ತದೆ. ಧ್ವನಿಯ ಮಟ್ಟವನ್ನು ಅರ್ಧಕ್ಕಿಂತ ಹೆಚ್ಚಿಸುವ ಅಗತ್ಯವಿಲ್ಲ. ಹೆಚ್ಚಿಸಿದರೆ ಫೋನಿನ ಚಿಕ್ಕ ಸ್ಪೀಕರ್ ತಾನೇ ಅಲೆಯನ್ನು ವಿರೂಪಗೊಳಿಸುತ್ತದೆ, ಜೊತೆಗೆ ಈ ಆವೃತ್ತಿಯ ನಾದವನ್ನು ಹತ್ತು ನಿಮಿಷ ಕೇಳುವುದು ಯಾರಿಗೂ ಹಿತವಲ್ಲ.

ಕೊಳವೆಯನ್ನು ನೇರವಾಗಿ ನಿಲ್ಲಿಸಿ, ಮೇಲ್ತುದಿಯ ಐದು ಸೆಂಟಿಮೀಟರ್ ಮಾತ್ರ ನೀರಿನಿಂದ ಹೊರಗಿರುವಂತೆ ಮುಳುಗಿಸಿ. ಕೊಳವೆಯ ಬಾಯಿಯಿಂದ ಎರಡು ಮೂರು ಸೆಂಟಿಮೀಟರ್ ಮೇಲೆ, ತುಸು ಪಕ್ಕಕ್ಕೆ, ಫೋನಿನ ಸ್ಪೀಕರ್ ಇರುವಂತೆ ಇನ್ನೊಬ್ಬರು ಹಿಡಿದುಕೊಳ್ಳಲಿ. ಒಂದೇ ಕೈಯಲ್ಲಿ ಎರಡನ್ನೂ ನಿಭಾಯಿಸಲು ಹೋದರೆ ಫೋನ್ ಬಕೆಟ್ಟಿನ ಪಾಲಾಗುವ ಸಂಭವ ಹೆಚ್ಚು. ಸ್ಪೀಕರ್ ಬಾಯಿಯನ್ನು ಪೂರ್ತಿ ಮುಚ್ಚಬಾರದು, ಏಕೆಂದರೆ ತೆರೆದ ತುದಿ ತೆರೆದೇ ಇರಬೇಕು. ಈಗ ಕೊಳವೆಯನ್ನು ಬಹಳ ನಿಧಾನವಾಗಿ ಮೇಲೆತ್ತುತ್ತ ಹೋಗಿ, ಫೋನೂ ಅದರೊಂದಿಗೆ ಅಷ್ಟೇ ಮೇಲೇರುತ್ತಿರಲಿ.

ಮೊದಲಿಗೆ ಏನೂ ಆಗುವುದಿಲ್ಲ. ಫೋನಿನ ತೆಳುವಾದ ಕೀರಲು ಮಾತ್ರ ಕೇಳುತ್ತಿರುತ್ತದೆ. ಕೊಳವೆಯ ಹೊರಗಿನ ಭಾಗ ಏಳು ಸೆಂಟಿಮೀಟರ್ ಸಮೀಪಿಸುತ್ತಿದ್ದಂತೆ ನಾದಕ್ಕೆ ಮೈ ತುಂಬಿಕೊಳ್ಳತೊಡಗುತ್ತದೆ, ಅದು ಫೋನಿನಿಂದಲ್ಲ, ಕೊಳವೆಯ ಬಾಯಿಯಿಂದಲೇ ಹೊರಡುತ್ತಿದೆ ಎನ್ನಿಸುತ್ತದೆ. ಇನ್ನು ಅರ್ಧ ಬೆರಳಿನಷ್ಟು ಎತ್ತಿದರೆ ಗಟ್ಟಿಯಾಗಿ ಮೊಳಗುತ್ತದೆ, ಕೊಳವೆಯನ್ನು ಹಿಡಿದ ಬೆರಳುಗಳಿಗೆ ಸಣ್ಣ ನಡುಕವೂ ತಿಳಿಯಬಹುದು. ಮತ್ತಷ್ಟು ಎತ್ತಿದೊಡನೆ ಮೊದಲಿನ ಕೀರಲಿಗೆ ಇಳಿಯುತ್ತದೆ. ಹೀಗೆ ಹೊರಗಿನ ನಾದಕ್ಕೆ ಒಳಗಿನ ಗಾಳಿಕಂಬವು ತಾನೂ ದನಿಗೂಡಿಸುವುದನ್ನು ಅನುನಾದ ಎನ್ನುತ್ತಾರೆ. ಅತ್ಯಂತ ಜೋರಾಗಿ ಕೇಳುವ ಬಿಂದುವನ್ನು ಎರಡು ಮೂರು ಬಾರಿ ಮೇಲಿನಿಂದಲೂ ಕೆಳಗಿನಿಂದಲೂ ದಾಟಿ ಖಚಿತಪಡಿಸಿಕೊಂಡು, ಅಲ್ಲಿ ಕೊಳವೆಯನ್ನು ಅಲುಗಾಡದಂತೆ ಹಿಡಿದು, ಮೇಲಿನ ಅಂಚಿನಿಂದ ನೀರಿನ ಮಟ್ಟದವರೆಗಿನ ಉದ್ದವನ್ನು ಮಿಲಿಮೀಟರಿನ ಮಟ್ಟಿಗೆ ಬರೆದುಕೊಳ್ಳಿ. ನಂತರ ಕೊಳವೆಯನ್ನು ಇನ್ನೂ ಮೇಲೆತ್ತುತ್ತ ಹೋದರೆ 25 ಸೆಂಟಿಮೀಟರಿನ ಆಸುಪಾಸಿನಲ್ಲಿ ಎರಡನೆಯ ಬಾರಿ ಅದೇ ಮೊಳಗು ಕೇಳುತ್ತದೆ. ಇದು ಮೊದಲಿನದಕ್ಕಿಂತ ತುಸು ಮೆಲುವಾಗಿರುವುದರಿಂದ ತಾಳ್ಮೆ ಬೇಕು. ಅದನ್ನೂ ಅಳೆದುಕೊಳ್ಳಿ.

ಕೊಳವೆಯೊಳಗೆ ನಡೆಯುತ್ತಿರುವುದು ಇಷ್ಟು. ಅಲೆಯು ಕೊಳವೆಯೊಳಗೆ ಇಳಿದು ನೀರಿನ ಮೇಲ್ಮೈಗೆ ಬಡಿಯುತ್ತದೆ. ಗಾಳಿಗೆ ಹೋಲಿಸಿದರೆ ನೀರು ಎಷ್ಟು ಭಾರವೂ ಬಿಗುವೂ ಆದದ್ದೆಂದರೆ ಶಬ್ದದ ಶಕ್ತಿಯ ಶೇಕಡಾ 99.9ರಷ್ಟು ಮೇಲಕ್ಕೆ ಮರಳುತ್ತದೆ. ಇಳಿಯುವ ಅಲೆಯೂ ಏರುವ ಅಲೆಯೂ ಒಂದರ ಮೇಲೊಂದು ಕೂಡಿ, ಸಾಗದೆ ನಿಂತಲ್ಲೇ ಮಿಡಿಯುವ ಸ್ಥಿರ ತರಂಗವಾಗುತ್ತದೆ. ನೀರಿನ ಮೇಲ್ಮೈಯಲ್ಲಿ ಗಾಳಿಗೆ ಅಲುಗಾಡಲು ಎಡೆಯಿಲ್ಲ. ತೆರೆದ ಬಾಯಿಯಲ್ಲಿ ಅದರ ಅಲುಗಾಟ ಗರಿಷ್ಠ. ಅಲುಗಾಟವಿಲ್ಲದ ಬಿಂದುವಿಗೂ ಗರಿಷ್ಠ ಅಲುಗಾಟದ ಬಿಂದುವಿಗೂ ನಡುವಿನ ದೂರ ತರಂಗದೂರದ ಕಾಲು ಭಾಗ. ಆದ್ದರಿಂದ ಗಾಳಿಕಂಬದ ಉದ್ದವು ತರಂಗದೂರದ ಕಾಲು ಭಾಗವಾದಾಗ ಮೊದಲ ಮೊಳಗು, ಮುಕ್ಕಾಲು ಭಾಗವಾದಾಗ ಎರಡನೆಯದು, ಒಂದೂಕಾಲು ಪಾಲಾದಾಗ ಮೂರನೆಯದು.

ಲೆಕ್ಕದಲ್ಲಿ ಅಡಗಿರುವ ಬಲೆ

ಹಾಗಿದ್ದರೆ ಮೊದಲ ಅಳತೆಯನ್ನೇ ನಾಲ್ಕರಿಂದ ಗುಣಿಸಿದರೆ ತರಂಗದೂರ ಸಿಗಬೇಕಲ್ಲವೇ? ಹೆಚ್ಚಿನವರು ಹಾಗೆಯೇ ಮಾಡುತ್ತಾರೆ, ನಾನೂ ಮಾಡಿದ್ದೆ. 3.2 ಸೆಂಟಿಮೀಟರ್ ಒಳವ್ಯಾಸದ ಕೊಳವೆಯಲ್ಲಿ, ಕೋಣೆಯ ತಾಪಮಾನ 26 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಮೊದಲ ಮೊಳಗು 7.7 ಸೆಂಟಿಮೀಟರಿಗೆ ಸಿಕ್ಕಿತು. ನಾಲ್ಕರಿಂದ ಗುಣಿಸಿದರೆ ತರಂಗದೂರ 30.8 ಸೆಂಟಿಮೀಟರ್, ವೇಗ ಸೆಕೆಂಡಿಗೆ 308 ಮೀಟರ್. ಇದು ಶೇಕಡಾ ಹನ್ನೊಂದರಷ್ಟು ಕಡಿಮೆ. ಅಳತೆಪಟ್ಟಿಯನ್ನು ಎಷ್ಟು ಎಚ್ಚರಿಕೆಯಿಂದ ಓದಿದರೂ ಈ ಕೊರತೆ ಹೋಗುವುದಿಲ್ಲ, ಏಕೆಂದರೆ ತಪ್ಪಿರುವುದು ಓದುವುದರಲ್ಲಲ್ಲ. ತೆರೆದ ಬಾಯಿಯ ಬಳಿ ಗಾಳಿಯ ತೂಗಾಟವು ಪ್ಲಾಸ್ಟಿಕ್ಕಿನ ಅಂಚು ಮುಗಿದೊಡನೆ ನಿಂತುಬಿಡುವುದಿಲ್ಲ; ಅದು ಸ್ವಲ್ಪ ಹೊರಗೂ ಚಾಚಿಕೊಂಡಿರುತ್ತದೆ. ಹೀಗಾಗಿ ಶಬ್ದದ ಪಾಲಿಗೆ ಕೊಳವೆಯು ನಮ್ಮ ಅಳತೆಪಟ್ಟಿ ತೋರಿಸುವುದಕ್ಕಿಂತ ಉದ್ದವಾಗಿದೆ. ಈ ಹೆಚ್ಚುವರಿ ಉದ್ದ ವ್ಯಾಸದ ಸುಮಾರು 0.3ರಷ್ಟು; ಇದನ್ನು ತುದಿ ತಿದ್ದುಪಡಿ ಎನ್ನುತ್ತಾರೆ.

ತಿದ್ದುಪಡಿಯನ್ನು ನೆನಪಿಟ್ಟು ಸೇರಿಸುವುದು ಒಂದು ದಾರಿ. ಆದರೆ ಫೋನನ್ನು ಬಾಯಿಯ ಹತ್ತಿರ ಹಿಡಿದಿರುವುದರಿಂದ ಅದರ ಬೆಲೆಯೂ ಕೊಂಚ ಬದಲಾಗಿರುತ್ತದೆ, ಎಷ್ಟು ಎಂದು ಮನೆಯಲ್ಲಿ ಹೇಳುವುದು ಕಷ್ಟ. ಅದಕ್ಕಿಂತ ಒಳ್ಳೆಯ ದಾರಿಯೆಂದರೆ ಎರಡನೆಯ ಅಳತೆಯಿಂದ ಮೊದಲನೆಯದನ್ನು ಕಳೆಯುವುದು. ಎರಡೂ ಅಳತೆಗಳಲ್ಲಿ ಬಾಯಿ ಒಂದೇ, ಫೋನಿನ ಸ್ಥಾನ ಒಂದೇ, ಆದ್ದರಿಂದ ಆ ಅಜ್ಞಾತ ತುಣುಕು ಎಷ್ಟೇ ಇದ್ದರೂ ಕಳೆದುಹೋಗುತ್ತದೆ. ಮುಕ್ಕಾಲರಿಂದ ಕಾಲನ್ನು ಕಳೆದರೆ ಉಳಿಯುವುದು ಅರ್ಧ ತರಂಗದೂರ. ನನ್ನ ಎರಡನೆಯ ಅಳತೆ 25.0 ಸೆಂಟಿಮೀಟರ್ ಇತ್ತು. ವ್ಯತ್ಯಾಸ 17.3, ತರಂಗದೂರ 34.6 ಸೆಂಟಿಮೀಟರ್, ವೇಗ ಸೆಕೆಂಡಿಗೆ 346 ಮೀಟರ್. 26 ಡಿಗ್ರಿಯಲ್ಲಿ ಬರಬೇಕಾದ ಬೆಲೆ 347. ಈಗ ಹಿಂದಕ್ಕೆ ಹೋಗಿ ಅರ್ಧ ತರಂಗದೂರದ ಅರ್ಧವಾದ 8.65ರಿಂದ 7.7ನ್ನು ಕಳೆದರೆ 0.95 ಸೆಂಟಿಮೀಟರ್ ಉಳಿಯುತ್ತದೆ, ವ್ಯಾಸ 3.2ರ 0.3ರಷ್ಟು ಎಂದರೆ 0.96. ತುದಿ ತಿದ್ದುಪಡಿಯನ್ನು ಎಲ್ಲಿಂದಲೂ ತೆಗೆದುಕೊಳ್ಳದೆ ನಾವೇ ಅಳೆದಂತಾಯಿತು.

ಈ ವಿಧಾನದಲ್ಲಿ ವ್ಯತ್ಯಾಸದ ಅಳತೆ ಒಂದು ಮಿಲಿಮೀಟರ್ ತಪ್ಪಿದರೆ ಉತ್ತರದಲ್ಲಿ ಸೆಕೆಂಡಿಗೆ 2 ಮೀಟರ್ ತಪ್ಪು ಬರುತ್ತದೆ. ಕೊಳವೆ ವಾಲಿದ್ದರೂ ಅಳತೆ ಕೆಡುತ್ತದೆ. ಹತ್ತು ಡಿಗ್ರಿ ವಾಲಿದರೆ ಶೇಕಡಾ ಒಂದೂವರೆಯಷ್ಟು ಅಂತರ ಬೀಳುತ್ತದೆ. ಕಿವಿಯ ತೀರ್ಮಾನದ ಮೇಲೆ ನಂಬಿಕೆ ಸಾಲದಿದ್ದರೆ ಇನ್ನೊಂದು ಫೋನಿನಲ್ಲಿ ಧ್ವನಿಮಟ್ಟ ತೋರಿಸುವ ಆ್ಯಪ್ ತೆರೆದು ಬಾಯಿಯ ಪಕ್ಕದಲ್ಲಿಟ್ಟುಕೊಳ್ಳಬಹುದು. ಆದರೆ ನನ್ನ ಅನುಭವದಲ್ಲಿ ಮೊಳಗಿನ ತುದಿಯನ್ನು ಹುಡುಕುವುದಕ್ಕೆ ಕಿವಿಯೇ ಸಾಕು, ಮೊಳಗಿನ ಎರಡೂ ಪಕ್ಕ ದನಿ ಒಂದೇ ಮಟ್ಟಕ್ಕೆ ಇಳಿಯುವ ಬಿಂದುಗಳನ್ನು ಗುರುತಿಸಿ ಅವುಗಳ ನಡುವನ್ನು ಹಿಡಿದರೆ ಇನ್ನೂ ಒಳ್ಳೆಯದು.

ಒಂದು ಆವೃತ್ತಿಯಲ್ಲಿ ನಿಲ್ಲಿಸಬೇಡಿ. 800 ಹರ್ಟ್ಸ್‌ನಲ್ಲಿ ಎರಡು ಮೊಳಗುಗಳ ನಡುವಿನ ಅಂತರ ಸುಮಾರು 21.7 ಸೆಂಟಿಮೀಟರಿಗೆ ಹಿಗ್ಗುತ್ತದೆ, 1200ರಲ್ಲಿ 14.5ಕ್ಕೆ ಕುಗ್ಗುತ್ತದೆ; ಗುಣಲಬ್ಧ ಮಾತ್ರ ಎಲ್ಲದರಲ್ಲೂ 347ರ ಸುತ್ತಲೇ ಇರುತ್ತದೆ. ಗಾಳಿಯಲ್ಲಿ ಎಲ್ಲ ಆವೃತ್ತಿಯ ಶಬ್ದಗಳೂ ಒಂದೇ ವೇಗದಲ್ಲಿ ಸಾಗುತ್ತವೆ ಎಂಬುದಕ್ಕೆ ಇದೇ ನೇರ ಸಾಕ್ಷಿ. ಹಾಗಿಲ್ಲದಿದ್ದರೆ ದೂರದ ವಾದ್ಯಮೇಳದ ತಾರಸ್ವರಗಳು ಒಮ್ಮೆ, ಮಂದ್ರಸ್ವರಗಳು ಇನ್ನೊಮ್ಮೆ ಬಂದು ಸಂಗೀತವೇ ಕಲಸಿಹೋಗುತ್ತಿತ್ತು.

ತಾಪಮಾನವನ್ನು ಏಕೆ ಬರೆದಿಡಬೇಕು?

ಥರ್ಮಾಮೀಟರ್ ಇಲ್ಲದೆ ಮಾಡಿದ ಅಳತೆಯನ್ನು ಯಾವುದರೊಂದಿಗೂ ಹೋಲಿಸಲಾಗುವುದಿಲ್ಲ. ಶಬ್ದದ ವೇಗ 0 ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್. ಪ್ರತಿ ಡಿಗ್ರಿಗೆ ಅದು ಸುಮಾರು 0.6 ಮೀಟರ್ ಏರುತ್ತದೆ. 20 ಡಿಗ್ರಿಯಲ್ಲಿ 343, 30ರಲ್ಲಿ 349. ಕಾರಣ ಸರಳವಾಗಿದೆ: ಒಂದು ಪದರದ ತಳ್ಳಾಟವನ್ನು ಮುಂದಿನ ಪದರಕ್ಕೆ ಮುಟ್ಟಿಸುವವು ಗಾಳಿಯ ಅಣುಗಳೇ. ಅವು ಕೋಣೆಯ ತಾಪಮಾನದಲ್ಲಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಎಲ್ಲ ದಿಕ್ಕುಗಳಿಗೂ ಓಡಾಡುತ್ತಿರುತ್ತವೆ. ಕಾವು ಏರಿದಂತೆ ಆ ಓಟವೂ ಏರುತ್ತದೆ. ಸುದ್ದಿಯು ಒಯ್ಯುವವರಿಗಿಂತ ಬೇಗ ತಲುಪಲಾರದು. ಒತ್ತಡ ಹೆಚ್ಚಿದರೆ ವೇಗ ಹೆಚ್ಚುತ್ತದೆ ಎಂಬ ಊಹೆ ಮಾತ್ರ ಸರಿಯಲ್ಲ, ಏಕೆಂದರೆ ಒತ್ತಡದೊಂದಿಗೆ ಸಾಂದ್ರತೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ಎತ್ತರದ ಪರ್ವತದ ಮೇಲೆ ಶಬ್ದ ನಿಧಾನವಾಗುವುದು ಅಲ್ಲಿನ ಚಳಿಯಿಂದ, ಗಾಳಿ ತೆಳುವಾಗಿರುವುದರಿಂದಲ್ಲ. ತೇವವಿರುವ ಗಾಳಿಯಲ್ಲಿ ವೇಗ ಒಂದೆರಡು ಮೀಟರ್ ಹೆಚ್ಚಿರಬಹುದು; ನೀರಿನ ಅಣು ಸಾರಜನಕ, ಆಮ್ಲಜನಕಗಳ ಅಣುಗಳಿಗಿಂತ ಹಗುರವಾದ್ದರಿಂದ ತೇವದ ಗಾಳಿ ಒಣ ಗಾಳಿಗಿಂತ ಹಗುರ. ನಮ್ಮ ಕೊಳವೆಯ ತಳದಲ್ಲಿ ನೀರೇ ಇರುವುದರಿಂದ ಇದನ್ನು ನೆನಪಿನಲ್ಲಿಡಬೇಕು.

ನೀವು ಅಳೆದ 17.3 ಸೆಂಟಿಮೀಟರಿಗೆ ವಿಜ್ಞಾನದ ಇತಿಹಾಸದಲ್ಲಿ ಒಂದು ಹಳೆಯ ತಕರಾರಿನ ನಂಟಿದೆ. ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಶಬ್ದದ ವೇಗ ಸಿಗಬೇಕೆಂದು ನ್ಯೂಟನ್ 1687ರಲ್ಲಿ ತೋರಿಸಿದರು. 20 ಡಿಗ್ರಿಯ ಗಾಳಿಗೆ ಈ ಲೆಕ್ಕ 290 ಮೀಟರ್ ಎನ್ನುತ್ತದೆ. ಅಳೆದಾಗ ಸಿಗುವುದು 343. ಕೊರತೆ ಎಲ್ಲಿಂದ ಬಂತು ಎಂಬುದಕ್ಕೆ ಸರಿಯಾದ ಉತ್ತರವನ್ನು 1816ರಲ್ಲಿ ಲಾಪ್ಲಾಸ್ ಪ್ರಕಟಿಸಿದರು. ಒತ್ತಿಕೊಂಡ ಗಾಳಿ ಬಿಸಿಯಾಗುತ್ತದೆ, ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ನ್ಯೂಟನ್ ಅವರ ಲೆಕ್ಕ ಈ ತಾಪಮಾನದ ಏರಿಳಿತವನ್ನು ಗಣಿಸಿರಲಿಲ್ಲ. 1000 ಹರ್ಟ್ಸ್ ಅಲೆಯಲ್ಲಿ ಬಿಸಿಯಾದ ಸಂಪೀಡನಕ್ಕೂ ತಣ್ಣಗಾದ ವಿರಳನಕ್ಕೂ ನಡುವೆ ಇರುವುದು ಅದೇ 17 ಸೆಂಟಿಮೀಟರ್. ಶಾಖವು ಅಷ್ಟು ದೂರ ಹರಿದು ಸಮನಾಗಲು ಸಿಗುವ ಸಮಯ ಅರ್ಧ ಮಿಲಿಸೆಕೆಂಡ್. ಅಷ್ಟರಲ್ಲಿ ಅದು ಹರಿಯಲಾರದು. ಹೀಗೆ ಸಿಕ್ಕಿಕೊಂಡ ಶಾಖವು ಗಾಳಿಯನ್ನು ಇನ್ನಷ್ಟು ಬಿಗುವಾಗಿಸುತ್ತದೆ. ಒತ್ತಡವನ್ನು 1.4ರಿಂದ ಗುಣಿಸಿ ವರ್ಗಮೂಲ ತೆಗೆದರೆ 290 ಇದ್ದದ್ದು 343 ಆಗುತ್ತದೆ.

ಎರಡು ಫೋನ್, ಎರಡು ಚಪ್ಪಾಳೆ

ಕೊಳವೆಯಲ್ಲಿ ನಾವು ಅಳೆದದ್ದು ತರಂಗದೂರವನ್ನು. ವೇಗವನ್ನು ಅದರಿಂದ ಲೆಕ್ಕ ಹಾಕಿದೆವು. ಹೊರಟ ಶಬ್ದ ತಲುಪಲು ತೆಗೆದುಕೊಂಡ ಸಮಯವನ್ನೇ ನೇರವಾಗಿ ಅಳೆಯಬೇಕೆಂದರೆ ಎರಡು ಫೋನುಗಳು ಬೇಕು. ಜರ್ಮನಿಯ ಆಹೆನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ಶಬ್ದಕ್ಕೆ ಓಡತೊಡಗಿ ಮುಂದಿನ ಶಬ್ದಕ್ಕೆ ನಿಲ್ಲುವ ಸ್ಟಾಪ್‌ವಾಚ್ ಇದೆ. ಎರಡೂ ಫೋನುಗಳಲ್ಲಿ ಅದನ್ನು ತೆರೆದು, ಬಯಲಿನಲ್ಲಿ ಸರಿಯಾಗಿ 10 ಮೀಟರ್ ಅಂತರದಲ್ಲಿ ಇಡಿ. ಒಬ್ಬರು ಮೊದಲ ಫೋನಿನ ಹಿಂದೆ, ಇನ್ನೊಬ್ಬರು ಎರಡನೆಯ ಫೋನಿನ ಹಿಂದೆ, ಎರಡೂ ಫೋನುಗಳನ್ನು ಕೂಡಿಸುವ ನೇರ ಗೆರೆಯ ಮೇಲೆಯೇ ನಿಲ್ಲಬೇಕು. ಮೊದಲನೆಯವರು ಒಮ್ಮೆ ಚಪ್ಪಾಳೆ ತಟ್ಟಲಿ. ಎರಡು ಸೆಕೆಂಡ್ ಬಿಟ್ಟು ಎರಡನೆಯವರು ತಟ್ಟಲಿ.

ಮೊದಲ ಚಪ್ಪಾಳೆಗೆ ಹತ್ತಿರದ ಗಡಿಯಾರ ಬೇಗ ಓಡತೊಡಗುತ್ತದೆ, ದೂರದ್ದು ಶಬ್ದ 10 ಮೀಟರ್ ಸಾಗಿದ ಮೇಲೆ. ಎರಡನೆಯ ಚಪ್ಪಾಳೆಗೆ ಇದು ತಿರುಗುಮುರುಗಾಗುತ್ತದೆ. ಆದ್ದರಿಂದ ಮೊದಲ ಗಡಿಯಾರ ಒಂದು ಪ್ರಯಾಣದ ಸಮಯವನ್ನು ಹೆಚ್ಚಾಗಿಯೂ ಎರಡನೆಯದು ಒಂದು ಪ್ರಯಾಣದ ಸಮಯವನ್ನು ಕಡಿಮೆಯಾಗಿಯೂ ತೋರಿಸುತ್ತದೆ. ಎರಡು ಚಪ್ಪಾಳೆಗಳ ನಡುವೆ ನಿಜವಾಗಿ ಎಷ್ಟು ಸಮಯ ಕಳೆಯಿತು ಎಂಬುದು ನಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ; ಅದು ಎರಡರಲ್ಲೂ ಇದೆ, ಕಳೆದರೆ ಹೋಗುತ್ತದೆ. ಒಂದು ಫೋನ್ 2.4183 ಸೆಕೆಂಡ್, ಇನ್ನೊಂದು 2.3602 ಸೆಕೆಂಡ್ ತೋರಿಸಿತೆನ್ನಿ. ವ್ಯತ್ಯಾಸ 0.0581 ಸೆಕೆಂಡ್. ಇದು 20 ಮೀಟರ್ ದೂರದ ಸಮಯವಾದ್ದರಿಂದ ವೇಗ ಸೆಕೆಂಡಿಗೆ 344 ಮೀಟರ್. ಫೋನುಗಳ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸುವ ತೊಡಕೇ ಇಲ್ಲಿಲ್ಲ.

ಈ ಏರ್ಪಾಡಿನಲ್ಲಿ ಗಾಳಿ ಬೀಸುವುದೂ ತೊಂದರೆಯಲ್ಲ. ಒಂದು ದಿಕ್ಕಿನಲ್ಲಿ ಮಾತ್ರ ಅಳೆದರೆ ಸೆಕೆಂಡಿಗೆ 5 ಮೀಟರ್ ವೇಗದ ಗಾಳಿಯು ಉತ್ತರವನ್ನು ಸುಮಾರು ಶೇಕಡಾ ಒಂದೂವರೆಯಷ್ಟು ಕೆಡಿಸುತ್ತದೆ. ಎರಡೂ ದಿಕ್ಕುಗಳನ್ನು ಕೂಡಿಸಿದಾಗ ಹೋಗುವಾಗಿನ ಲಾಭ ಬರುವಾಗಿನ ನಷ್ಟಕ್ಕೆ ಸರಿಹೊಂದಿ ಉಳಿಯುವ ತಪ್ಪು ಶೇಕಡಾ 0.02 ಮಾತ್ರ. 1822ರಲ್ಲಿ ಅರಾಗೊ, ಹಂಬೋಲ್ಟ್, ಗೇ-ಲೂಸಾಕ್ ಮೊದಲಾದವರು ಪ್ಯಾರಿಸ್ ಸಮೀಪದ ವಿಲ್ಜ್ವೀಫ್ ಮತ್ತು ಮೋಂಲೇರಿಗಳ ನಡುವಿನ ಸುಮಾರು 18.6 ಕಿಲೋಮೀಟರ್ ದೂರದಲ್ಲಿ ರಾತ್ರಿ ಹೊತ್ತು ಎರಡೂ ಕಡೆಯಿಂದ ಫಿರಂಗಿ ಹಾರಿಸಿ ಶಬ್ದದ ವೇಗವನ್ನು ಅಳೆದದ್ದು ಇದೇ ಕಾರಣಕ್ಕಾಗಿ. ನಮಗೆ ಫಿರಂಗಿಯ ಬದಲು ಚಪ್ಪಾಳೆ ಸಾಕಾಗುವುದು ಮೈಕಿನ ಕೃಪೆಯಿಂದ: ಫೋನು ಸೆಕೆಂಡಿಗೆ 44,100 ಅಥವಾ 48,000 ಬಾರಿ ಒತ್ತಡವನ್ನು ದಾಖಲಿಸುತ್ತದೆ, ಎರಡು ದಾಖಲೆಗಳ ನಡುವೆ ಶಬ್ದವು ಸಾಗುವುದು 8 ಮಿಲಿಮೀಟರ್‌ಗಿಂತ ಕಡಿಮೆ.

ಗಡಿಯಾರ ಬೇಗ ನಿಂತುಹೋಗುತ್ತಿದ್ದರೆ ಮೊದಲ ಚಪ್ಪಾಳೆಯ ಮರುದನಿಯೇ ಅದನ್ನು ನಿಲ್ಲಿಸುತ್ತಿದೆ ಎಂದು ತಿಳಿಯಿರಿ. ಆ್ಯಪ್‌ನಲ್ಲಿ ಕನಿಷ್ಠ ವಿಳಂಬವನ್ನು ಅರ್ಧ ಸೆಕೆಂಡಿಗೆ ಏರಿಸಿದರೆ ಸರಿಹೋಗುತ್ತದೆ. ದೂರದ ಚಪ್ಪಾಳೆಗೆ ಗಡಿಯಾರ ಓಡದಿದ್ದರೆ ಶಬ್ದಮಟ್ಟದ ಹೊಸ್ತಿಲನ್ನು ತಗ್ಗಿಸಬೇಕು. ಅಂಗೈಗಳನ್ನು ಚಪ್ಪಟೆಯಾಗಿಟ್ಟು ತಟ್ಟಿದ ಚುರುಕಾದ ಚಪ್ಪಾಳೆಯೇ ಬೇಕು, ಬೊಗಸೆಯಾಗಿಸಿ ತಟ್ಟಿದ ಮಂದ ಚಪ್ಪಾಳೆಯ ಆರಂಭ ಎಲ್ಲಿ ಎಂದು ಯಂತ್ರಕ್ಕೂ ತಿಳಿಯುವುದಿಲ್ಲ. ಹತ್ತು ಬಾರಿ ಮಾಡಿ ಸರಾಸರಿ ತೆಗೆಯಿರಿ.

ಗೋಡೆಯೊಂದಿಗೆ ತಾಳ

ಫೋನಿಲ್ಲದೆಯೂ ಅಳೆಯಬಹುದು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ನೆವಿಲ್ಸ್ ಕೋರ್ಟ್ ಎಂಬ ಅಂಗಳದ ಮೊಗಸಾಲೆಯಲ್ಲಿ ನ್ಯೂಟನ್ ಪ್ರತಿಧ್ವನಿಯನ್ನು ಲೋಲಕದ ತೂಗಾಟಕ್ಕೆ ಹೋಲಿಸಿ ಶಬ್ದದ ವೇಗವನ್ನು ಅಂದಾಜು ಮಾಡಿದ್ದರು. ದೊಡ್ಡ, ಚಪ್ಪಟೆಯಾದ, ಎದುರಿಗೆ ಬಯಲಿರುವ ಗೋಡೆಯಿಂದ 50 ಮೀಟರ್ ದೂರ ನಿಂತು ಚಪ್ಪಾಳೆ ತಟ್ಟಿದರೆ ಮರುದನಿ ಬರಲು 0.29 ಸೆಕೆಂಡ್ ಬೇಕು. ಒಂದು ಚಪ್ಪಾಳೆಯ ಸಮಯವನ್ನು ಸ್ಟಾಪ್‌ವಾಚ್ ಒತ್ತಿ ಅಳೆಯಲು ಹೋದರೆ ನಮ್ಮ ಬೆರಳಿನ ತಡವೇ ಅಷ್ಟಾಗುತ್ತದೆ. ಆದ್ದರಿಂದ ಒಂದೇ ಲಯದಲ್ಲಿ ಚಪ್ಪಾಳೆ ತಟ್ಟುತ್ತ, ಪ್ರತಿ ಮರುದನಿಯೂ ಎರಡು ಚಪ್ಪಾಳೆಗಳ ಸರಿಯಾದ ನಡುವೆ ಬೀಳುವಂತೆ ಲಯವನ್ನು ಹೊಂದಿಸಿಕೊಳ್ಳಿ; ಚಪ್ಪಾಳೆ, ಮರುದನಿ, ಚಪ್ಪಾಳೆ, ಮರುದನಿ ಎಂದು ಸಮನಾದ ತಾಳ ಕೇಳಬೇಕು. ಲಯ ಕೂತ ಮೇಲೆ ಇನ್ನೊಬ್ಬರು 20 ಅಂತರಗಳ ಸಮಯವನ್ನು ಅಳೆಯಲಿ. ಇಡೀ ಅಂತರದಲ್ಲಿ ಶಬ್ದವು ಗೋಡೆಯ ದೂರದ ನಾಲ್ಕು ಪಟ್ಟು ಸಾಗುವಷ್ಟು ಸಮಯವಿರುವುದರಿಂದ, 50 ಮೀಟರ್ ದೂರಕ್ಕೆ 4000ವನ್ನು ಒಟ್ಟು ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ. 11.7 ಸೆಕೆಂಡ್ ಬಂದರೆ 342.

ಎಣಿಕೆಯನ್ನು ಸೊನ್ನೆಯಿಂದ ಆರಂಭಿಸಬೇಕು. ಇದು ಕ್ಷುಲ್ಲಕವೆನ್ನಿಸಬಹುದು, ಆದರೆ ನನಗೆ ಮೊದಲ ಬಾರಿ 361 ಬಂದಿತ್ತು, ಗೋಡೆಯ ದೂರವನ್ನು ಮೂರು ಸಲ ಅಳೆದರೂ ಕಾರಣ ಹೊಳೆಯಲಿಲ್ಲ. ಮೊದಲ ಚಪ್ಪಾಳೆಯನ್ನು ಒಂದು ಎಂದು ಎಣಿಸಿದ್ದರಿಂದ 20 ಚಪ್ಪಾಳೆಗಳ ನಡುವಿನ 19 ಅಂತರಗಳನ್ನು 20 ಎಂದು ಲೆಕ್ಕ ಹಾಕಿದ್ದೆ.

ಕಬ್ಬಿಣಕ್ಕೆ ಕಿವಿಯಿಟ್ಟು

ಗಾಳಿಯನ್ನು ಬಿಟ್ಟು ಘನವಸ್ತುವಿನಲ್ಲಿ ಶಬ್ದ ಎಷ್ಟು ಬೇಗ ಸಾಗುತ್ತದೆ ಎಂಬುದನ್ನು ಮನೆಯಲ್ಲಿ ಅಳೆಯುವುದು ಕಷ್ಟ, ಕೇಳಿಸಿಕೊಳ್ಳುವುದು ಸುಲಭ. 30 ಮೀಟರ್‌ನಷ್ಟು ಉದ್ದದ, ನಡುವೆ ಸಡಿಲ ಕೀಲುಗಳಿಲ್ಲದ ಕಬ್ಬಿಣದ ಕಂಬಿಯ ಒಂದು ತುದಿಗೆ ಕಿವಿಯಿಟ್ಟು, ಇನ್ನೊಂದು ತುದಿಯಲ್ಲಿ ಯಾರಾದರೂ ಕಲ್ಲಿನಿಂದ ಒಮ್ಮೆ ಬಡಿದರೆ ಎರಡು ಪೆಟ್ಟು ಕೇಳುತ್ತದೆ. ಮೊದಲನೆಯದು ಲೋಹದೊಳಗಿನಿಂದ 6 ಮಿಲಿಸೆಕೆಂಡಿನಲ್ಲಿ ಬಂದದ್ದು, ಎರಡನೆಯದು ಗಾಳಿಯಲ್ಲಿ 87 ಮಿಲಿಸೆಕೆಂಡ್ ತೆಗೆದುಕೊಂಡು ಬಂದದ್ದು. ಪ್ಯಾರಿಸ್‌ನಲ್ಲಿ ಬಿಯೊ ಅವರು 1808ರಲ್ಲಿ 951 ಮೀಟರ್ ಉದ್ದದ ಎರಕದ ಕಬ್ಬಿಣದ ನೀರಿನ ಕೊಳವೆಯಲ್ಲಿ ಇದನ್ನೇ ಮಾಡಿದಾಗ ಎರಡು ಪೆಟ್ಟುಗಳ ನಡುವೆ ಎರಡೂವರೆ ಸೆಕೆಂಡ್ ಅಂತರವಿತ್ತು. ಗಾಳಿಗಿಂತ ಕಬ್ಬಿಣ ಸಾವಿರಾರು ಪಟ್ಟು ಭಾರವಾಗಿದ್ದರೂ ಶಬ್ದ ಅದರಲ್ಲಿ ಬೇಗ ಸಾಗುವುದಕ್ಕೆ ಅದರ ಬಿಗುವೇ ಕಾರಣ: ಭಾರ ಹೆಚ್ಚಿದಂತೆ ವೇಗ ತಗ್ಗಬೇಕು, ಬಿಗು ಹೆಚ್ಚಿದಂತೆ ಏರಬೇಕು, ಕಬ್ಬಿಣದಲ್ಲಿ ಬಿಗು ಹೆಚ್ಚಿರುವ ಪಟ್ಟು ಭಾರ ಹೆಚ್ಚಿರುವ ಪಟ್ಟಿಗಿಂತ ಎಷ್ಟೋ ದೊಡ್ಡದು. ನೀರು ಇವೆರಡರ ನಡುವಿನದು. 1826ರಲ್ಲಿ ಕೊಲಾಡೋನ್ ಮತ್ತು ಸ್ಟರ್ಮ್ ಜಿನೀವಾ ಸರೋವರದ ನೀರಿನೊಳಗೆ ಗಂಟೆ ಬಾರಿಸಿ, ಅದೇ ಕ್ಷಣದಲ್ಲಿ ಮೇಲೆ ಮದ್ದು ಹೊತ್ತಿಸಿ, 13 ಕಿಲೋಮೀಟರಿಗೂ ಹೆಚ್ಚು ದೂರದ ದೋಣಿಯಲ್ಲಿ ಕುಳಿತು ನೀರಿಗಿಳಿಬಿಟ್ಟ ತುತ್ತೂರಿಯಂತಹ ಕೊಳವೆಗೆ ಕಿವಿಯಿಟ್ಟು ಅಳೆದಾಗ ಸಿಕ್ಕ ವೇಗ ಸೆಕೆಂಡಿಗೆ 1435 ಮೀಟರ್. ನೀರಿನ ತಾಪಮಾನ ಸುಮಾರು 8 ಡಿಗ್ರಿ ಇತ್ತು.

ಕಂಬಿಯ ಪ್ರಯೋಗದಲ್ಲಿ ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡರೆ ಎರಡನೆಯ ಪೆಟ್ಟು ಬಹಳಷ್ಟು ತಗ್ಗುತ್ತದೆ, ತೆರೆದರೆ ಮರಳುತ್ತದೆ. ಯಾವ ಪೆಟ್ಟು ಯಾವ ದಾರಿಯಲ್ಲಿ ಬಂದದ್ದೆಂದು ಗುರುತಿಸುವುದಕ್ಕೆ ಇದೇ ಸುಲಭದ ಪರೀಕ್ಷೆ.